ಸೋತ ಮ್ಯಾಚಿಗೂ ಮರ್ಯಾದೆ ಕೊಡೋಣ

ಸಂಸೆ, ಕಳಸ, ಕುದುರೆಮುಖ ಸುತ್ತಿನ ಹುಡುಗ ಹುಡುಗಿಯರೇ, ಅವರನ್ನು ಹೆತ್ತವರೇ,

ಜುಲೈ ಮಳೆ ಹಿಡಿದರೆ ನಮ್ಮಲ್ಲಿ ಶಾಲೆಗೆ ರಜೆ, ತೋಟದ ಕೆಲಸಕ್ಕೂ ಅಡ್ಡಿ. ಸಿಗ್ನಲ್ ಸಿಗುವ ಜಗಲಿಯ ಮೂಲೆ ಹುಡುಕಿಕೊಂಡು ಮಕ್ಕಳು ಬಿಜಿಎಂಐ ಎಂಬ ಮೊಬೈಲ್ ಶೂಟಿಂಗ್ ಗೇಮ್ ಆಡುತ್ತಾ ಕೂರುತ್ತಾರೆ. ಆಡಲೇಬೇಡಿ ಎನ್ನಲು ನಾನು ಬರೆಯುತ್ತಿಲ್ಲ. ನನ್ನ ಕಳಕಳಿಯೆಲ್ಲ ಮ್ಯಾಚ್ ಸೋತ ಮೇಲಿನ ಐದು ನಿಮಿಷದ್ದು.

ಸ್ಕ್ವಾಡಿನಲ್ಲಿ, ಅಂದರೆ ತಂಡದಲ್ಲಿ, ಒಬ್ಬ ಗುಂಡು ತಗುಲಿ ನಾಕ್ ಆಗಿ ನೆಲಕ್ಕೆ ಬೀಳುತ್ತಾನೆ. ರಿವೈವ್ ಮಾಡಲು, ಅಂದರೆ ಎಬ್ಬಿಸಲು, ಓಡಿದ ಗೆಳೆಯನಿಗೂ ಗುಂಡು ಬೀಳುತ್ತದೆ. ಕೂಡಲೇ "ನಿನ್ನಿಂದಲೇ ಹೋಯ್ತು ಮಾರಾಯ" ಎಂದು ಶುರುವಾದದ್ದು ಬೈಗುಳಕ್ಕೆ ತಿರುಗುತ್ತದೆ. ಒಬ್ಬ ಮುಖ ಊದಿಸಿಕೊಂಡು ಎದ್ದು ಹೋಗುತ್ತಾನೆ, ಉಳಿದವರು ಹೋದ ಪಾಯಿಂಟ್ ವಾಪಸ್ ತರಲು ಹಟಕ್ಕೆ ಬಿದ್ದು ಇನ್ನೊಂದು ಮ್ಯಾಚ್ ಹಾಕುತ್ತಾರೆ. ತಲೆ ಕೆಟ್ಟಾಗ ಆಡಿದ್ದು ಗೆಲ್ಲುವುದು ಅಪರೂಪ. ಅದೂ ಸೋಲು, ಅದರ ಮೇಲೆ ಮತ್ತೊಂದು. ನಿದ್ದೆಯೂ ಹೋಯಿತು, ಸ್ನೇಹವೂ ಕೆಟ್ಟಿತು, ಆಟದ ಖುಷಿಯಂತೂ ಯಾವಾಗಲೋ ಹೋಗಿತ್ತು.

ಒಮ್ಮೆ ಲೆಕ್ಕ ಹಾಕಿ ನೋಡಿ. 100 ಜನ ಇಳಿಯುವ ಮ್ಯಾಪಿನಲ್ಲಿ ನಾಲ್ವರ 25 ತಂಡ. ಚಿಕನ್ ಡಿನ್ನರ್, ಅಂದರೆ ಗೆಲುವು, ಒಂದೇ ತಂಡಕ್ಕೆ; ಸೋಲು ಉಳಿದ 96 ಜನಕ್ಕೆ. ಎಲ್ಲ ತಂಡವೂ ಸಮಬಲದ್ದಾದರೆ ನಿಮ್ಮ ಪಾಲಿಗೆ 25 ಮ್ಯಾಚಿಗೊಂದು ಗೆಲುವು. ನೀವು ಚುರುಕಾದಷ್ಟೂ ರ‍್ಯಾಂಕ್ ಏರುತ್ತದೆ, ಎದುರಿಗೆ ಅಷ್ಟೇ ಚುರುಕಾದವರು ಬರುತ್ತಾರೆ. ಹಾಗಾಗಿ ಎಷ್ಟೇ ಕಲಿತರೂ ಸೋಲು ತಪ್ಪದು. ಗೆದ್ದಾಗ ಮಾತ್ರ ಖುಷಿ ಎಂದುಕೊಂಡವನು ಆಡುವ ಹೊತ್ತಿನ ಬಹುಪಾಲನ್ನು ಸಿಟ್ಟಿನಲ್ಲೇ ಕಳೆಯಬೇಕಾಗುತ್ತದೆ.

ಸೋಲನ್ನು ಸವಿಯುವುದು ನಮಗೆ ಗೊತ್ತಿಲ್ಲದ ವಿದ್ಯೆಯಲ್ಲ. ಮಲೆನಾಡಿನ ಕೆಸರುಗದ್ದೆ ಓಟ ನೋಡಿ. ಮೊದಲು ಬಂದವನಿಗಿಂತ ನಡುವೆ ಜಾರಿಬಿದ್ದು, ಕಣ್ಣಿನ ಕೆಸರು ಒರೆಸಿಕೊಂಡು ಎದ್ದು ಓಡಿದವನಿಗೇ ಬದುವಿನ ಮೇಲಿನ ಜನ ಹೆಚ್ಚು ಕೇಕೆ ಹಾಕುತ್ತಾರೆ. ಬಿದ್ದವನೂ ಅವರ ಜೊತೆ ನಗುತ್ತಾನೆ. ಚೆಸ್ ಆಟಗಾರರದ್ದು ಇನ್ನೊಂದು ಒಳ್ಳೆಯ ರೂಢಿ. ಪಂದ್ಯ ಮುಗಿದ ಮೇಲೆ ಸೋತವರು, ಗೆದ್ದವರು ಒಟ್ಟಿಗೆ ಕೂತು ಕಾಯಿಗಳನ್ನು ಮತ್ತೆ ಜೋಡಿಸಿ, ಆಟ ಎಲ್ಲಿ ತಿರುಗಿತು ಎಂದು ಹುಡುಕುತ್ತಾರೆ. ಆ ಹುಡುಕಾಟದಲ್ಲಿ ಸೋತ ನೋವು ಕುತೂಹಲವಾಗಿ ಮಾರ್ಪಡುತ್ತದೆ.

ನೀವೂ ಹಾಗೆ ಮಾಡಿ. ಸತ್ತ ಕೂಡಲೇ ಲಾಬಿಗೆ ಹೋಗಬೇಡಿ, ಡೆತ್ ರಿಪ್ಲೇ ನೋಡಿ. ಹೊಡೆದವನು ಯಾವ ಬಂಡೆಯ ಮರೆಯಲ್ಲಿದ್ದ, ನೀವು ಯಾಕೆ ಬಯಲಿಗೆ ಬಂದಿರಿ ಎಂದು ಗಮನಿಸಿ. ಅವನ ಆಟ ಚೆನ್ನಾಗಿತ್ತು ಅನಿಸಿದರೆ ಬಾಯಿಬಿಟ್ಟು ಹೇಳಿ. ಮಳೆಗೆ ನೆಟ್‌ವರ್ಕ್ ನಿಧಾನವಾಗಿ ಪಿಂಗ್ ಏರಿ ಸೋತಿದ್ದರೆ ಅದು ಯಾರ ತಪ್ಪೂ ಅಲ್ಲ, ನಕ್ಕು ಬಿಡಿ. ರಿವೈವ್ ಮಾಡಲು ಓಡಿಬಂದು ಸತ್ತ ಗೆಳೆಯನಿಗೆ ಬೈಯಬೇಡಿ, ಅವನು ಬಂದದ್ದು ನಿಮಗೋಸ್ಕರ. ಸಿಟ್ಟು ಬಂದಿದ್ದರೆ ಮುಂದಿನ ಮ್ಯಾಚ್ ನಾಳೆಗಿರಲಿ.

ಒಂದು ಸೋಲನ್ನು ಮಾತ್ರ ಯಾರೂ ಸಹಿಸಬೇಡಿ, ಅದು ದುಡ್ಡಿನದು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ನಿಷೇಧಿಸಿದೆ, ಇ-ಸ್ಪೋರ್ಟ್ಸ್‌ಗೆ ಅದೇ ಕಾಯ್ದೆ ಮಾನ್ಯತೆ ಕೊಟ್ಟಿದೆ. ಕಳೆದ ಹಣ ಮರಳಿ ಪಡೆಯಲು ಇನ್ನಷ್ಟು ಕಟ್ಟುವ ಹಾದಿಗೆ ಕಾಲಿಡಲೇಬೇಡಿ. ಮಗು ಊಟ, ಓದು, ನಿದ್ದೆ ಬಿಟ್ಟು ಆಟಕ್ಕೇ ಅಂಟಿಕೊಂಡಿದ್ದರೆ ನಾಚಿಕೊಳ್ಳದೆ ಸಹಾಯ ಕೇಳಿ. ಇಂಥವರಿಗಾಗಿಯೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ 'ಶಟ್ ಕ್ಲಿನಿಕ್' ನಡೆಯುತ್ತಿದೆ.

ಅಪ್ಪ ಅಮ್ಮಂದಿರೇ, "ಸೋತು ಬಂದ್ಯಾ? ಬೇಕಿತ್ತಾ ನಿಂಗೆ?" ಎಂದು ಚುಚ್ಚಬೇಡಿ. "ಹೇಗೆ ಸೋತೆ, ಹೇಳು ನೋಡೋಣ" ಎಂದು ಪಕ್ಕದಲ್ಲಿ ಕೂತುಕೊಳ್ಳಿ. ಮನೆಯಲ್ಲಿ ಸೋಲನ್ನು ಹೇಳಿಕೊಳ್ಳಲು ಕಲಿತ ಮಗು ನಾಳೆ ಪರೀಕ್ಷೆಯಲ್ಲಿ ಎಡವಿದರೂ ನಿಮ್ಮಿಂದ ಮುಚ್ಚಿಡುವುದಿಲ್ಲ.

ಊರೂರಿನ ಯುವಕ ಸಂಘದವರಲ್ಲಿ ಕೊನೆಯದಾಗಿ ಒಂದು ಕೋರಿಕೆ. ಈ ಸಲದ ಗಣೇಶೋತ್ಸವದ ಆಟೋಟದಲ್ಲಿ, ಅದು ವಾಲಿಬಾಲ್ ಇರಲಿ, ಮೊಬೈಲ್ ಗೇಮ್ ಇರಲಿ, ಸೋತ ಮೇಲೂ ಎದುರಾಳಿಯ ಕೈಕುಲುಕಿ ತಂಡದವನ ಬೆನ್ನು ತಟ್ಟಿದ ಆಟಗಾರನಿಗೂ ಒಂದು ಬಹುಮಾನ ಇಡಿ. ಆ ಹೆಸರನ್ನೂ ಮೈಕಿನಲ್ಲಿ ಗಟ್ಟಿಯಾಗಿ ಕೂಗಿ.