ಜೆಪ್ಪುವಿನ ‘ವಿದೇಶಿ ಗಂಡ’ನಿಗೆ 29,000 ಪೌಂಡ್

ಭಾಗ 1/7

‘ವಿದೇಶಿ ಗಂಡ’ ಅಂದ ಕೂಡಲೇ ನಿಮ್ಮ ಕಣ್ಣಿಗೆ ಯಾರು ಬರ್ತಾರೆ? ಪಣಂಬೂರು ಬೀಚಲ್ಲಿ ಬೊಂಡ ಕುಡಿಯುತ್ತಾ ಕೂತ ಬಿಳಿ ಮನುಷ್ಯನಾ? ಹಾಗಿದ್ರೆ ಈ ಸಲದ ಲೆಕ್ಕ ನಿಮಗೇ.

ಇದರಲ್ಲಿ ಬರುವ ವಿದೇಶಿ ಗಂಡ ಹುಟ್ಟಿದ್ದೇ ಜೆಪ್ಪುವಿನಲ್ಲಿ. ಮೋರ್ಗನ್ಸ್ ಗೇಟ್ ಹತ್ತಿರ ಸಣ್ಣ ಹಾರ್ಡ್‌ವೇರ್ ಅಂಗಡಿ ಉಂಟು, ಪಾಸ್‌ಪೋರ್ಟ್ ಭಾರತದ್ದು. ಅವರು ವಿದೇಶಿ ಆಗುವುದು ಹೆಂಡತಿಯ ಪಾಸ್‌ಪೋರ್ಟ್ ಇಟ್ಟುಕೊಂಡು ನೋಡಿದಾಗ ಮಾತ್ರ.

ಹೆಂಡತಿ ನನ್ನ ದೊಡ್ಡಮ್ಮನ ಮಗಳು. ನರ್ಸಿಂಗ್ ಮುಗಿಸಿ ಇಂಗ್ಲೆಂಡಿಗೆ ಹೋದವಳು, ಹತ್ತು ವರ್ಷಕ್ಕಿಂತ ಹೆಚ್ಚು ಅಲ್ಲೇ ಕೆಲಸ ಮಾಡಿ ಅಲ್ಲಿನ ಪ್ರಜೆಯಾದಳು. ನಮ್ಮ ದೇಶದಲ್ಲಿ ಎರಡು ಪೌರತ್ವ ಇಟ್ಟುಕೊಳ್ಳುವ ಹಾಗಿಲ್ಲ, ಹಾಗಾಗಿ ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಒಸಿಐ ಕಾರ್ಡ್ ಮಾಡಿಸಿಕೊಂಡಳು. ದೊಡ್ಡಮ್ಮ ಹಾಸಿಗೆ ಹಿಡಿದಾಗ ಎಲ್ಲ ಬಿಟ್ಟು ಊರಿಗೆ ಬಂದಳು. ಇಲ್ಲೊಂದು ಆಸ್ಪತ್ರೆಯಲ್ಲಿ ಕೆಲಸ, ಇಲ್ಲೇ ಮದುವೆ. ದೊಡ್ಡಮ್ಮ ತೀರಿಹೋಗಿ ಈಗ ವರ್ಷ ಆಯ್ತು. ಅಕ್ಕನಿಗೆ ವಾಪಸ್ ಹೋಗಬೇಕು, ಗಂಡನ ಜೊತೆ. ಅಷ್ಟೇ ಆಸೆ.

ಅಕ್ಕನನ್ನು ಕೇಳಿಯೇ ಬರೀತಿದ್ದೇನೆ, ಹೆಸರು ಹಾಕುವುದಿಲ್ಲ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೇನೆ: ಒಬ್ಬ ಪ್ರಜೆ ತನ್ನ ದೇಶಕ್ಕೆ ಗಂಡನನ್ನೋ ಹೆಂಡತಿಯನ್ನೋ ಕರೆದುಕೊಂಡು ಹೋಗುವಾಗ ಸರಕಾರ ಖರ್ಚಿನ ಲೆಕ್ಕ ಕೇಳಲಿ, ತಪ್ಪಿಲ್ಲ. ಆದರೆ ಬ್ರಿಟನ್ ಈಗ ಕೇಳುತ್ತಿರುವುದು ಖರ್ಚಿನ ಲೆಕ್ಕ ಅಲ್ಲ. ಬೇರೆ ಯಾವುದಕ್ಕೋ ಮಾಡಿದ ಅಳತೆಕೋಲನ್ನು ತಂದು ಮದುವೆಗೆ ಹಿಡಿದಿದ್ದಾರೆ.

ಭಾಗ 2/7: ನಿಯಮ ಎಂತ?

2012ರ ಜುಲೈಯಲ್ಲಿ ಬ್ರಿಟನ್ ಒಂದು ಮಿತಿ ತಂದಿತು. ಹೊರದೇಶದ ಸಂಗಾತಿಯನ್ನು ಕರೆಸಿಕೊಳ್ಳಬೇಕಾದರೆ ಪ್ರಜೆಗೆ ವರ್ಷಕ್ಕೆ ಕನಿಷ್ಠ 18,600 ಪೌಂಡ್ ಆದಾಯ ಇರಬೇಕು. 2024ರ ಏಪ್ರಿಲ್ 11ಕ್ಕೆ ಅದು ಒಂದೇ ಏಟಿಗೆ 29,000 ಆಯ್ತು. ಮುಂದೆ 38,700ಕ್ಕೆ ಏರಿಸುವ ಯೋಜನೆ ಇತ್ತು. ಅದೇ ವರ್ಷ ಸರಕಾರ ಬದಲಾಗಿ ಆ ಏರಿಕೆ ನಿಂತಿತು, 29,000 ಮಾತ್ರ ಉಳಿಯಿತು.

ಪೌಂಡಿಗೆ 115 ರೂಪಾಯಿ ಅಂತ ಇಟ್ಟುಕೊಳ್ಳಿ. 29,000 ಅಂದರೆ 33 ಲಕ್ಷದ 35 ಸಾವಿರ. ಅಕ್ಕನಿಗೆ ಇಲ್ಲಿ ತಿಂಗಳಿಗೆ 35,000 ಸಂಬಳ, ವರ್ಷಕ್ಕೆ 4.2 ಲಕ್ಷ. ಪೌಂಡಲ್ಲಿ 3,652. ಬೇಕಾದದ್ದರ ಹತ್ತಿರ ಹತ್ತಿರ ಎಂಟನೇ ಒಂದು ಪಾಲು ಮಾತ್ರ.

“ಅಲ್ಲಿಗೆ ಹೋದ ಮೇಲೆ ಸಂಬಳ ಸಿಗ್ತದಲ್ಲ?” ಅಂತ ನೀವು ಕೇಳಬಹುದು. ನಾನೂ ಕೇಳಿದೆ. ಹೊರದೇಶದಲ್ಲಿ ಇರುವ ಪ್ರಜೆ ಸಂಗಾತಿಯ ಜೊತೆಗೇ ವಾಪಸ್ ಹೋಗುವುದಾದರೆ, ಕೆಲಸದ ಸಂಬಳದ ಮೇಲೆ ಅರ್ಜಿ ಹಾಕಲಿಕ್ಕೆ ಎರಡೂ ಬೇಕು. ಈಗ ಇರುವ ದೇಶದಲ್ಲಿ ಅಷ್ಟು ಸಂಪಾದನೆ ಇತ್ತು ಅಂತ ದಾಖಲೆ ತೋರಿಸಬೇಕು. ಜೊತೆಗೆ, ವಾಪಸಾದ ಮೂರು ತಿಂಗಳ ಒಳಗೆ ಸೇರುವ, ಅಷ್ಟೇ ಸಂಬಳದ ಕೆಲಸವೂ ಅಲ್ಲಿ ಖಚಿತವಾಗಿರಬೇಕು. ಒಂದಿದ್ದು ಇನ್ನೊಂದು ಇಲ್ಲದಿದ್ದರೆ ಆಗುವುದಿಲ್ಲ. ಮಂಗಳೂರಲ್ಲಿ ಕೂತು ವರ್ಷಕ್ಕೆ 33 ಲಕ್ಷ ದುಡಿಯುವ ನರ್ಸ್ ಯಾರಾದರೂ ಇದ್ದರೆ ದಯವಿಟ್ಟು ಕಮೆಂಟಲ್ಲಿ ಹೇಳಿ, ನಾನು ಬಿಕಾಂ ಬಿಟ್ಟು ಅಲ್ಲಿಗೇ ಸೇರ್ತೇನೆ.

ಭಾಗ 3/7: ಯಾವುದು ಲೆಕ್ಕಕ್ಕೆ ಬರ್ತದೆ, ಯಾವುದು ಬರುವುದಿಲ್ಲ

ನಮ್ಮ ಕಡೆಯ ಒಂದು ಮನೆಯನ್ನು ನೆನಪಿಸಿಕೊಳ್ಳಿ. ಮನೆ ನಡೆಯುವುದು ಒಬ್ಬರ ಸಂಬಳದಿಂದ ಅಲ್ಲ. ಅಂಗಡಿಯ ಗಲ್ಲಾ, ಅಮ್ಮನ ಬೀಡಿ ಲೆಕ್ಕ, ಗಲ್ಫಿನ ಮಾವ ಕಳಿಸುವ ಹಣ, ಸ್ವಂತ ಮನೆಯಾದ್ದರಿಂದ ಉಳಿಯುವ ಬಾಡಿಗೆ, ಕಷ್ಟಕ್ಕೆಂದು ಕಪಾಟಲ್ಲಿ ಇಟ್ಟ ಚಿನ್ನ. ಇಷ್ಟೂ ಸೇರಿ ಒಂದು ಸಂಸಾರ.

ಈಗ ಬ್ರಿಟನ್ನಿನ ಫಾರ್ಮ್ ನೋಡಿ.

ಭಾವನ ಅಂಗಡಿಯ ಲಾಭ: ಹೊರಗಿನಿಂದ ಅರ್ಜಿ ಹಾಕುವಾಗ ಸಂಗಾತಿಯ ದುಡಿಮೆ ಲೆಕ್ಕಕ್ಕಿಲ್ಲ.
ಮಾವ ತಿಂಗಳು ತಿಂಗಳು ಕೊಡ್ತೇನೆ ಅನ್ನುವ ಸಹಾಯ: ಸಾಮಾನ್ಯವಾಗಿ ಇಲ್ಲ.
ತಾವೇ ವಾಸ ಇರುವ ಮನೆ: ಇಲ್ಲ. ಬೇರೆ ಕಟ್ಟಡ ಬಾಡಿಗೆಗೆ ಕೊಟ್ಟಿದ್ದರೆ ಆ ಬಾಡಿಗೆ ಬರ್ತದೆ.
ಚಿನ್ನ: ಚಿನ್ನವಾಗಿಯೇ ಇದ್ದರೆ ಇಲ್ಲ. ಕೇಳುವುದು ನಗದು ಉಳಿತಾಯ.

ಆ ಉಳಿತಾಯದ ಸೂತ್ರವನ್ನೂ ನೋಡಿ, ಕಾಮರ್ಸ್‌ನವರಿಗೆ ಇಷ್ಟ ಆಗ್ತದೆ. ಆದಾಯವೇ ಇಲ್ಲದಿದ್ದರೆ 29,000ವನ್ನು ಎರಡೂವರೆಯಿಂದ ಗುಣಿಸಿ, 72,500. ಅದಕ್ಕೆ 16,000 ಕೂಡಿಸಿ. ಒಟ್ಟು 88,500 ಪೌಂಡ್. ನಮ್ಮ ರೂಪಾಯಿಯಲ್ಲಿ ಒಂದು ಕೋಟಿ ದಾಟಿತು. ಆ ಹಣ ಆರು ತಿಂಗಳು ಖಾತೆಯಲ್ಲಿ ಕೂತಿರಬೇಕು. ಯಾರಾದರೂ ಉಡುಗೊರೆ ಕೊಟ್ಟದ್ದಾದರೆ ಆಗ್ತದೆ, ಸಾಲ ತಂದದ್ದಾಗಿರಬಾರದು.

ಇದರ ಮೇಲೆ ಅರ್ಜಿ ಶುಲ್ಕ, 2025ರ ಏಪ್ರಿಲ್‌ನಲ್ಲಿ ಅದು 1,938 ಪೌಂಡ್ ಆಗಿತ್ತು. ಆರೋಗ್ಯ ಸೇವೆಯ ಸರ್‌ಚಾರ್ಜ್ ವರ್ಷಕ್ಕೆ 1,035ರಂತೆ ಮೊದಲ ವೀಸಾಕ್ಕೆ 3,105. ಆ ಲೆಕ್ಕದಲ್ಲಿ ಎರಡೂ ಸೇರಿ 5,043, ಅಂದರೆ ಸುಮಾರು 5.8 ಲಕ್ಷ ರೂಪಾಯಿ. ಅಕ್ಕನ ಒಂದು ವರ್ಷದ ದುಡಿಮೆಗಿಂತ ಜಾಸ್ತಿ.

ಭಾಗ 4/7: ಹಾಗಾದರೆ ದಾರಿ?

ಒಂದೇ ದಾರಿ. ಅಕ್ಕ ಒಬ್ಬಳೇ ಮೊದಲು ಹೋಗಬೇಕು. ಒಂದೇ ಕಡೆ ಆರು ತಿಂಗಳು ಕೆಲಸ ಮಾಡಿ ಸಂಬಳದ ಚೀಟಿ ಕೂಡಿಸಬೇಕು. ಆಮೇಲೆ ಭಾವ ಇಲ್ಲಿಂದ ಅರ್ಜಿ ಹಾಕಿ, ಉತ್ತರಕ್ಕೆ ಇನ್ನೂ ಕೆಲವು ತಿಂಗಳು ಕಾಯಬೇಕು. ಮದುವೆಯಾಗಿ ಎರಡು ವರ್ಷ ಆಗದವರು ಹತ್ತಿರ ಹತ್ತಿರ ಒಂದು ವರ್ಷ ದೂರ ಇರುವುದು.

ಅದೂ ಫುಲ್ ಟೈಮ್ ನರ್ಸ್ ಆದ್ದರಿಂದ. ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಯಲ್ಲಿ ಹೊಸದಾಗಿ ಸೇರುವ ನರ್ಸ್‌ನ ಸಂಬಳ 2025–26ರಲ್ಲಿ 31,049 ಪೌಂಡಿನಿಂದ ಶುರು. ಗೆರೆಯಿಂದ ಎರಡು ಸಾವಿರ ಮಾತ್ರ ಮೇಲೆ. ವಾರದಲ್ಲಿ ಒಂದು ದಿನ ಕಡಿಮೆ ಮಾಡಿದರೆ ಕೆಳಗೆ ಜಾರಿದಳು ಅಂತ ಲೆಕ್ಕ. ಅದೇ ವಾರ್ಡಲ್ಲಿ ರೋಗಿಗಳನ್ನು ಎಬ್ಬಿಸಿ ಮೀಯಿಸುವ ಹೆಲ್ತ್‌ಕೇರ್ ಅಸಿಸ್ಟೆಂಟ್‌ಗಳಲ್ಲಿ ಸುಮಾರು 25,000 ತೆಗೆದುಕೊಳ್ಳುವವರು ಇದ್ದಾರೆ. ಅವರಿಗೆ ಆ ಸಂಬಳದ ಮೇಲೆ ಗಂಡನನ್ನು ಕರೆಸಿಕೊಳ್ಳಲಿಕ್ಕೆ ಆಗುವುದೇ ಇಲ್ಲ. ದೇಶದ ಮುದುಕರನ್ನು ನೋಡಿಕೊಳ್ಳಲಿಕ್ಕೆ ಬೇಕು, ಸಂಸಾರ ಮಾಡಲಿಕ್ಕೆ ಯೋಗ್ಯತೆ ಸಾಲದು.

ನನಗೆ ನಿಜವಾಗಿ ತಲೆ ತಿರುಗಿದ್ದು ಇನ್ನೊಂದು ವಿಷಯಕ್ಕೆ. ಅಕ್ಕ ಭಾರತದ ಪ್ರಜೆಯಾಗಿಯೇ ಉಳಿದು, ಇವತ್ತು ನರ್ಸ್ ಆಗಿ ಹೆಲ್ತ್ ಅಂಡ್ ಕೇರ್ ವರ್ಕರ್ ವೀಸಾದಲ್ಲಿ ಹೋಗ್ತಿದ್ದರೆ? ಗಂಡನನ್ನು ಜೊತೆಗೇ ಕರೆದುಕೊಂಡು ಹೋಗಬಹುದಿತ್ತು. ಗಂಡನ ಲೆಕ್ಕಕ್ಕೆ ತೋರಿಸಬೇಕಾದ ಉಳಿತಾಯ 285 ಪೌಂಡ್. ಆರೋಗ್ಯ ಸರ್‌ಚಾರ್ಜ್ ಕೂಡ ಇಲ್ಲ. ಅಂದರೆ ಅನ್ಯದೇಶದವಳಾಗಿದ್ದಾಗ 285ಕ್ಕೆ ಮುಗಿಯುವುದು, ತಮ್ಮವಳೇ ಆದ ಮೇಲೆ 29,000. ಇದನ್ನು ನನ್ನ ಯಾವ ಅಕೌಂಟ್ಸ್ ಮೇಷ್ಟ್ರೂ ಟ್ಯಾಲಿ ಮಾಡಿ ತೋರಿಸಲಿಕ್ಕಿಲ್ಲ.

ಭಾಗ 5/7: ಆ ಸಂಖ್ಯೆ ಬಂದದ್ದೆಲ್ಲಿಂದ?

ಆಚೆ ಕಡೆಯ ಮಾತನ್ನೂ ಕೇಳಬೇಕು. “ಹೊರಗಿನಿಂದ ಬಂದ ಸಂಗಾತಿಯ ಹೊರೆ ನಮ್ಮ ತೆರಿಗೆದಾರರ ಮೇಲೆ ಬೀಳಬಾರದು” ಅನ್ನುತ್ತಾರೆ. ನ್ಯಾಯವಾದ ಮಾತೇ. ಹಳೆಯ 18,600ಕ್ಕೆ ಹಾಗೊಂದು ತರ್ಕ ಇತ್ತು: ಇಬ್ಬರ ಸಂಸಾರ ಸರಕಾರದ ಆದಾಯ ಸಹಾಯಧನ ಕೇಳದೆ ಬದುಕುವ ಮಟ್ಟ. ಸೂತ್ರದ ಆ 16,000 ಕೂಡ ಅಂಥದ್ದೇ. ಅಷ್ಟು ಉಳಿತಾಯ ಇದ್ದವರಿಗೆ ಅಲ್ಲಿ ಬಡವರ ಸಹಾಯಧನ ಸಿಗುವುದಿಲ್ಲ.

29,000 ಹಾಗಲ್ಲ. ಸ್ಕಿಲ್ಡ್ ವರ್ಕರ್ ವೀಸಾ ಕೊಡುವ ಕೆಲಸಗಳ ಸಂಬಳವನ್ನು ಕೆಳಗಿನಿಂದ ಮೇಲಕ್ಕೆ ಸಾಲಾಗಿ ಇಟ್ಟರೆ ಕಾಲು ಭಾಗದಲ್ಲಿ ಬರುವ ಅಂಕಿ ಅದು. ತರಬೇಕು ಅಂತಿದ್ದ 38,700 ಆ ಸಾಲಿನ ನಟ್ಟನಡು. ಕಂಪನಿಯೊಂದು ಹೊರದೇಶದಿಂದ ಇಂಜಿನಿಯರನ್ನು ತರಿಸುವಾಗ ಈ ಅಳತೆ ಸರಿ, ಸ್ಥಳೀಯರ ಸಂಬಳ ಕುಸಿಯಬಾರದು ಅಂತ. ಆದರೆ ಭಾವ ಅಕ್ಕನಿಗೆ ಬೇಕಾದ ಲೇಬರ್ ಅಲ್ಲವಲ್ಲ ಮಾರಾಯ್ರೆ, ಗಂಡ!

ಇನ್ನೊಂದು ವಿಷಯ. ಸಂಗಾತಿ ವೀಸಾದಲ್ಲಿ ಹೋದವರು ಹೇಗೂ ಅಲ್ಲಿನ ಸಹಾಯಧನ ಕೇಳುವ ಹಾಗಿಲ್ಲ, ವೀಸಾದ ಷರತ್ತೇ ಅದು. ಆಸ್ಪತ್ರೆಯ ದುಡ್ಡು ಮುಂಗಡ ಕಟ್ಟಿಸಿಕೊಂಡಾಗಿದೆ. ಬಾಗಿಲಿಗೆ ಎರಡು ಬೀಗ ಹಾಕಿದ ಮೇಲೂ ಗೋಡೆ ಎತ್ತರಿಸುವುದು ಯಾವ ಕಳ್ಳನಿಗೆ?

2017ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್, ಆಗಿನ ಮಿತಿ ತಾತ್ವಿಕವಾಗಿ ಕಾನೂನುಬದ್ಧ ಅಂತಲೇ ಹೇಳಿತು. ಅದರಿಂದ ಬಹಳ ಕುಟುಂಬಗಳಿಗೆ ಕಷ್ಟ ಆಗ್ತಿದೆ ಅಂತಲೂ ಒಪ್ಪಿತು, ಮಕ್ಕಳ ಹಿತ ಸರಿಯಾಗಿ ನೋಡಿಲ್ಲ ಅಂತ ನಿಯಮ ತಿದ್ದಿಸಿತು. 2025ರ ಜೂನ್‌ನಲ್ಲಿ ಅಲ್ಲಿನ ಸರಕಾರದ್ದೇ ವಲಸೆ ಸಲಹಾ ಸಮಿತಿ ವರದಿ ಕೊಟ್ಟಿತು. ಕನಿಷ್ಠ ಕೂಲಿಯಲ್ಲಿ ದುಡಿಯುವವರೂ ಸಂಸಾರ ಮಾಡುವ ಹಾಗಿರಬೇಕಾದರೆ ಮಿತಿ 23,000ದಿಂದ 25,000ದ ನಡುವೆ ಇದ್ದರೆ ಸಾಕು ಅನ್ನುವುದು ಅದರಲ್ಲಿ ಉಂಟು. ಕಾನೂನುಬದ್ಧ ಆದದ್ದೆಲ್ಲ ಸರಿ ಅಂತ ಅಲ್ಲವಲ್ಲ.

ಭಾಗ 6/7: ಬೇರೆಯವರು ಏನು ಮಾಡ್ತಾರೆ?

ಅಮೆರಿಕ: ಸರಕಾರ ಹಾಕಿದ ಬಡತನದ ಗೆರೆಯ ಒಂದೂಕಾಲು ಪಟ್ಟು ಆದಾಯ ಕೇಳ್ತದೆ. 2025ರಲ್ಲಿ ಇಬ್ಬರ ಸಂಸಾರಕ್ಕೆ ಅದು ಸುಮಾರು 26,400 ಡಾಲರ್. ಸಾಲದಿದ್ದರೆ ಅಲ್ಲೇ ಇರುವ ಇನ್ನೊಬ್ಬರು ಜಂಟಿಯಾಗಿ ಜವಾಬ್ದಾರಿ ಹೊತ್ತು ಸಹಿ ಹಾಕಬಹುದು. ನಮ್ಮ ಮಾವಂದಿರು ಉಪಯೋಗಕ್ಕೆ ಬರುವುದು ಇಲ್ಲಿ.

ಕೆನಡಾ: ಗಂಡ ಹೆಂಡತಿಯ ವಿಷಯದಲ್ಲಿ ಸಾಮಾನ್ಯವಾಗಿ ಆದಾಯದ ಮಿತಿಯೇ ಇಲ್ಲ. ಮೂರು ವರ್ಷ ನಾನೇ ನೋಡಿಕೊಳ್ತೇನೆ ಅಂತ ಮುಚ್ಚಳಿಕೆ ಬರೆದುಕೊಡಬೇಕು. ಹೊರದೇಶದಲ್ಲಿರುವ ಪ್ರಜೆಯಾದರೆ ವಾಪಸ್ ಬಂದು ನೆಲೆಸುತ್ತೇನೆ ಅಂತ ತೋರಿಸಬೇಕು.

ಭಾರತ: ನಮ್ಮ ಪ್ರಜೆಯನ್ನು ಮದುವೆಯಾದ ವಿದೇಶಿಗೆ ಒಸಿಐ ಬೇಕಾದರೆ, ಮದುವೆ ನೋಂದಣಿಯಾಗಿ ಎರಡು ವರ್ಷ ಬಾಳಿರಬೇಕು, ಭದ್ರತಾ ತಪಾಸಣೆ ಆಗಬೇಕು. ಪಾಕಿಸ್ತಾನ, ಬಾಂಗ್ಲಾದೇಶ ಮೂಲದವರಿಗೆ ಆ ಬಾಗಿಲು ಮುಚ್ಚಿದೆ, ಅದು ಬೇರೆಯೇ ಚರ್ಚೆ. ಆದರೆ ಒಸಿಐಗೆ ಗಂಡನ ಸಂಬಳ ಇಂತಿಷ್ಟೇ ಇರಬೇಕು ಅನ್ನುವ ಗೆರೆ ಇಲ್ಲ.

ಗಲ್ಫ್: ಇದು ನಮಗೆ ಚೆನ್ನಾಗಿ ಗೊತ್ತಿರುವ ಕಥೆ. ಯುಎಇಯಲ್ಲಿ ಹೆಂಡತಿಯನ್ನು ಕರೆಸಲಿಕ್ಕೆ 4,000 ದಿರ್ಹಮ್ ಸಂಬಳ, ಅಥವಾ 3,000 ಮತ್ತು ವಸತಿ. ಕುವೈತ್ 2024ರ ಜನವರಿಯಲ್ಲಿ 800 ದಿನಾರ್ ಮಾಡಿತು. ಮದುವೆಯಾಗಿ ಮಕ್ಕಳಿದ್ದೂ ಅಲ್ಲಿ ‘ಬ್ಯಾಚುಲರ್’ ರೂಮಲ್ಲಿ ಇಪ್ಪತ್ತು ವರ್ಷ ಕಳೆದವರು ನಮ್ಮ ಪ್ರತಿ ಬೀದಿಯಲ್ಲಿ ಉಂಟು. ಅದು ನೋವೇ. ಆದರೆ ಅಲ್ಲಿ ನಾವು ಕೆಲಸಕ್ಕೆ ಹೋದ ಪರದೇಶಿಗಳು. ಅಕ್ಕ ಹೋಗುತ್ತಿರುವುದು ತಾನು ಪ್ರಜೆಯಾಗಿರುವ ದೇಶಕ್ಕೆ.

ದೂರದ ಆಫೀಸು ಮದುವೆಗೆ ಅನುಮತಿ ಕೊಡುವುದು ನಮ್ಮ ಜೆಪ್ಪುವಿಗೆ ಹೊಸತಲ್ಲ. ಬಾಸೆಲ್ ಮಿಷನ್ 1865ರಲ್ಲಿ ಇಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿತಲ್ಲ, ಆ ಮಿಷನರಿಗಳು ಮದುವೆಯಾಗಬೇಕಾದರೆ ಸ್ವಿಟ್ಜರ್ಲೆಂಡಿನ ಕಮಿಟಿ ಒಪ್ಪಬೇಕಿತ್ತು. ಒಪ್ಪಿದ ಮೇಲೆ ಹುಡುಗಿ ಹಡಗಲ್ಲಿ ಬರಬೇಕಿತ್ತು. ಆದರೆ ಅವರು ಆ ಸಂಸ್ಥೆಯ ಕಟ್ಟುಪಾಡಿಗೆ ಒಪ್ಪಿ ಸೇರಿದವರು. ಪ್ರಜೆ ಸರಕಾರದ ನೌಕರ ಅಲ್ಲ.

ಭಾಗ 7/7: ನನ್ನ ಮಾತು, ನಿಮ್ಮ ಮಾತು

ಬ್ರಿಟನ್ ಮೂರು ಕೆಲಸ ಮಾಡಿದರೆ ಸಾಕು. ಮಿತಿಯನ್ನು ಸಂಸಾರದ ಖರ್ಚಿಗೆ ಕಟ್ಟಲಿ, ಇಂಜಿನಿಯರ್ ಸಂಬಳಕ್ಕೆ ಬೇಡ. ಇಬ್ಬರ ದುಡಿಮೆಯನ್ನೂ, ಜವಾಬ್ದಾರಿ ಹೊರುವ ಕುಟುಂಬವನ್ನೂ ಲೆಕ್ಕಕ್ಕೆ ಹಿಡಿಯಲಿ. ವಾಪಸ್ ಬರುವ ಪ್ರಜೆಗೆ ಅಲ್ಲಿ ಖಚಿತ ಕೆಲಸ ಇದ್ದರೆ, ಇಲ್ಲಿನ ರೂಪಾಯಿ ಸಂಬಳವನ್ನು ಪೌಂಡಲ್ಲಿ ತೂಗುವುದನ್ನು ಬಿಡಲಿ. ಮಂಗಳೂರಿನ ಸಂಬಳಕ್ಕೂ ಲಂಡನ್ನಿನ ಮನೆ ಬಾಡಿಗೆಗೂ ಎಂತ ಸಂಬಂಧ?

ನಮಗೂ ಒಂದು ಮಾತು. ‘ಫಾರಿನ್ ಸಂಬಂಧ’ ಬಂದಾಗ ನಮ್ಮ ಮನೆಗಳಲ್ಲಿ ಮೊದಲ ಪ್ರಶ್ನೆ “ಸಂಬಳ ಎಷ್ಟು?” ಅಂತ. ಎರಡನೆಯದು “ಮನೆ ಸ್ವಂತದ್ದಾ?” ಆ ದೇಶದ ಪಾಸ್‌ಪೋರ್ಟಾ, ಕೆಲಸದ ವೀಸಾವಾ, ಸಂಗಾತಿಗೆ ಎಂತ ನಿಯಮ, ಎಷ್ಟು ತಿಂಗಳು ದೂರ ಇರಬೇಕಾದೀತು ಅಂತ ಯಾರೂ ಕೇಳುವುದಿಲ್ಲ. ನಿಶ್ಚಿತಾರ್ಥಕ್ಕೆ ಮೊದಲೇ ಕೇಳಿ. ಉಳಿತಾಯ ತೋರಿಸುವ ಯೋಚನೆ ಇದ್ದರೆ ಆರು ತಿಂಗಳ ಮೊದಲೇ ಹಣ ಖಾತೆಗೆ ಹಾಕಿ. ಕೊನೆಯ ವಾರ ಅವರಿವರಿಂದ ಕೈಗಡ ತಂದು ಹಾಕಿದರೆ ಅರ್ಜಿಯೂ ಹೋಯ್ತು, ಶುಲ್ಕವೂ ಹೋಯ್ತು. ನಿಯಮ ಆಗಾಗ ಬದಲಾಗ್ತದೆ, ಏಜೆಂಟ್ ಹೇಳಿದ್ದನ್ನು ನಂಬುವ ಮೊದಲು ಆ ಸರಕಾರದ ವೆಬ್‌ಸೈಟ್ ನೀವೇ ಓದಿ.

ಅಕ್ಕ ಜನವರಿಗೆ ಟಿಕೆಟ್ ಮಾಡಿದ್ದಾಳೆ. ಒಂದೇ ಟಿಕೆಟ್.

ನಿಮ್ಮ ಮನೆಯಲ್ಲೂ ಹೀಗೆ ಗೆರೆಯ ಆಚೆ ಈಚೆ ಉಳಿದವರು ಇದ್ದಾರಾ? ಯಾವ ದೇಶ, ಎಷ್ಟು ತಿಂಗಳು ಕಾದಿರಿ? ಹೆಸರು ಬೇಡ, ಲೆಕ್ಕ ಮಾತ್ರ ಬರೆಯಿರಿ. ಸರಕಾರದ ಮಿತಿಯೇ ಸರಿ ಅನ್ನುವವರೂ ಬನ್ನಿ, ಜಗಳ ಬೇಡ, ಚರ್ಚೆ ಮಾಡುವ.

#ಜೆಪ್ಪು #ಮಂಗಳೂರು #ಬಿಕಾಂಲೆಕ್ಕ #ಸಂಗಾತಿವೀಸಾ #ಕನ್ನಡದಲ್ಲಿಬರೀರಿ