ಟಯರಿನ ಲೆಕ್ಕ ಯಾರ ತಲೆಯ ಮೇಲೆ?



ಕಾರ್ಕಳದ ಗುಡ್ಡದಲ್ಲಿ ನಸುಕಿಗೇ ಎದ್ದು ರಬ್ಬರ್ ಹಾಲು ಇಳಿಸುವವನೂ ಕಾಪು ಕಡೆಯಿಂದ ಮಟ್ಟುಗುಳ್ಳ ಹೇರಿಕೊಂಡು ಉಡುಪಿ ಪೇಟೆಗೆ ಹೋಗುವ ಪಿಕಪ್ಪಿನವನೂ ಒಂದೇ ವಸ್ತುವಿನ ಎರಡು ತುದಿಯಲ್ಲಿದ್ದಾರೆ. ಅದು ಟಯರು.

ರಬ್ಬರಿನ ದರ 2011ರಲ್ಲಿ ಕಿಲೋಗೆ 240 ರೂಪಾಯಿ ಹತ್ತಿರ ಹೋಗಿತ್ತು. 2016ರ ಆರಂಭಕ್ಕೆ 100ರ ಕೆಳಗೆ ಬಿತ್ತು. ಆ ಐದು ವರ್ಷದಲ್ಲಿ ನಿಮ್ಮ ಪೇಟೆಯಲ್ಲಿ ಟಯರಿನ ಬೆಲೆಯೂ ಅರ್ಧಕ್ಕಿಳಿದದ್ದನ್ನು ಕಂಡವರಿದ್ದರೆ ದಯವಿಟ್ಟು ನಮಗೊಂದು ಕಾಗದ ಬರೆಯಿರಿ. ಟಯರೆಂದರೆ ಬರೀ ರಬ್ಬರಲ್ಲ, ನೂಲು, ತಂತಿ, ಕಾರ್ಬನ್ ಪುಡಿ ಎಲ್ಲ ಉಂಟು ಎನ್ನುತ್ತಾರೆ ಕಂಪನಿಯವರು. ಒಪ್ಪೋಣ. ಆದರೆ ಲಾರಿ-ಬಸ್ಸಿನ ಟಯರಿನ ದರವನ್ನು 2011-12ರಲ್ಲಿ ಎಂ.ಆರ್.ಎಫ್., ಅಪೊಲೊ, ಸಿಯೆಟ್, ಜೆ.ಕೆ., ಬಿರ್ಲಾ ಕಂಪನಿಗಳು ಒಳಒಪ್ಪಂದದಿಂದ ಏರಿಸಿದವೆಂದು ಹೇಳಿ 2018ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಒಟ್ಟು 1,788 ಕೋಟಿಗೂ ಹೆಚ್ಚು ದಂಡ ಹಾಕಿತಲ್ಲ, ಅದಕ್ಕೇನು ಹೇಳೋಣ? ಆದೇಶ ಜನರಿಗೆ ತಿಳಿದದ್ದೇ 2022ರಲ್ಲಿ. ಅದೇ ವರ್ಷ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು ಮರುಪರಿಶೀಲನೆಗೆ ಹಿಂದಕ್ಕೆ ಕಳಿಸಿತು. ಅಡಿಕೆ ಸಾಲದ ನೋಟೀಸಿಗೆ ಇಷ್ಟು ವರ್ಷದ ವಾಯಿದೆ ನಮಗೆ ಯಾರೂ ಕೊಡುವುದಿಲ್ಲ.

ಚೀನಾದ ಅಗ್ಗದ ಲಾರಿ ಟಯರು ಬಂದಾಗ 2017ರಲ್ಲಿ ಸರ್ಕಾರ ಅದರ ಮೇಲೆ ಸುಂಕ ಹಾಕಿತು. 2020ರ ಜೂನಿನಲ್ಲಿ ಟಯರು ಆಮದಿಗೇ ಪರವಾನಗಿ ಬೇಕೆಂದಿತು. ಕಂಪನಿಗೆ ರಕ್ಷಣೆ ಸಿಕ್ಕಿತು. ಹೊರದೇಶದ ರಬ್ಬರು ಮಾತ್ರ ಬರುತ್ತಲೇ ಇದೆ.

ಇನ್ನು ಅಗ್ಗದ ಟಯರಿನ ಸುದ್ದಿ. ಕೆಂಪುಕಲ್ಲು ಹೇರುವ ಲಾರಿಯವರನ್ನು ಕೇಳಿ, ಮಣಿಪಾಲದ ಟ್ಯಾಕ್ಸಿಯವರನ್ನು ಕೇಳಿ. ನಾಲ್ಕು ಸಾವಿರದ ಟಯರು ಇಪ್ಪತ್ತು ಸಾವಿರ ಕಿಲೋಮೀಟರ್ ಓಡಿತೆನ್ನಿ, ಕಿಲೋಮೀಟರಿಗೆ 20 ಪೈಸೆ ಬಿತ್ತು. ಆರು ಸಾವಿರದ್ದು ನಲವತ್ತು ಸಾವಿರ ಓಡಿದರೆ 15 ಪೈಸೆ. ಈ ಲೆಕ್ಕ ಚಾಲಕನಿಗೆ ಗೊತ್ತಿಲ್ಲವೆಂದಲ್ಲ. ಆರು ಸಾವಿರ ಒಟ್ಟಿಗೆ ಕೈಯಲ್ಲಿಲ್ಲ, ಅದಕ್ಕೇ ನಾಲ್ಕು ಸಾವಿರದ್ದು, ಇಲ್ಲವೇ ರೀಸೋಲ್. ಒಳ್ಳೆ ಕವಚಕ್ಕೆ ಸರಿಯಾಗಿ ಮಾಡಿದ ರೀಸೋಲ್ ಕೆಟ್ಟದ್ದೇನಲ್ಲ. ಸವೆದು ಸೀಳಿದ್ದಕ್ಕೆ ಪಟ್ಟಿ ಅಂಟಿಸಿದರೆ ಬಿಸಿಲಿನಲ್ಲಿ ಕಿತ್ತು ಹೋಗುತ್ತದೆ. ಗಾಳಿ ಕಡಿಮೆ, ಭಾರ ಹೆಚ್ಚು ಆದರೆ ದುಬಾರಿ ಟಯರೂ ಕಾದು ಒಡೆಯುತ್ತದೆ. ಇದರಲ್ಲಿ ನಮ್ಮ ಪಾಲೂ ಇದೆ. "ಒಂದೇ ಟ್ರಿಪ್ಪಲ್ಲಿ ಮುಗಿಸಿಬಿಡು ಮಾರಾಯ" ಎಂದು ಗೊಬ್ಬರದ ಮೇಲೆ ಹತ್ತು ಮೂಟೆ ಹೆಚ್ಚು ಹೇರಿಸುವವರು ನಾವೇ ಅಲ್ಲವೇ?

ಕೊಳ್ಳುವಾಗ ಟಯರಿನ ಪಕ್ಕದಲ್ಲಿ ನಾಲ್ಕಂಕಿ ಹುಡುಕಿ. 2324 ಎಂದಿದ್ದರೆ 2024ರ 23ನೇ ವಾರದ್ದು. ಹಳೇ ಮಾಲಿಗೆ ಹೊಸ ದರ ಕೊಡಬೇಡಿ. ಐ.ಎಸ್.ಐ. ಗುರುತೂ ಇರಲಿ.

2025ರ ಸೆಪ್ಟೆಂಬರ್ 22ರಿಂದ ಕಾರು, ಲಾರಿ ಟಯರಿನ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ, ಟ್ರ್ಯಾಕ್ಟರ್ ಟಯರಿನದು 18ರಿಂದ 5ಕ್ಕೆ ಇಳಿದಿದೆ. ಅಂಗಡಿಯವನಿಂದ ರಶೀದಿ ಕೇಳಿ ಆ ಅಂಕೆ ಓದಿ. ಟಯರಿನ ಹೆಸರಲ್ಲಿ ಬಾಡಿಗೆ ಏರಿಸಿದ ಗಾಡಿಯವನನ್ನೂ ಅದೇ ರಶೀದಿ ಹಿಡಿದು ಕೇಳಿ.