ಮಾರ್ಷಲ್ ಎಂದರೆ ಯಾರು?

ಬೆಂಗಳೂರಿನ ಜಯನಗರ, ಬನಶಂಕರಿಗಳಲ್ಲಿ ಸೊಪ್ಪು, ಹೂವು ಮಾರುವವರ ಬಾಯಿಗೆ ಕೆಲವು ವರ್ಷಗಳಿಂದ ಒಂದು ಇಂಗ್ಲಿಷ್ ಮಾತು ಸೇರಿಕೊಂಡಿದೆ: ಮಾರ್ಷಲ್. 2019ರಲ್ಲಿ ಅಂದಿನ ಮಹಾನಗರ ಪಾಲಿಕೆಯು ಕಸದ ಕಾವಲಿಗೆಂದು ನಿವೃತ್ತ ಸೈನಿಕರನ್ನು ನೇಮಿಸಿ, ಸೇನೆಯದನ್ನು ಹೋಲುವ ಉಡುಪು ತೊಡಿಸಿ, ಈ ಹೆಸರಿಟ್ಟಿತು. 2020ರಲ್ಲಿ ಮುಖಗವಸು ಇಲ್ಲದವರಿಂದ ದಂಡ ವಸೂಲು ಮಾಡಿದವರೂ ಇವರೇ.

ಈ ಪದದ ಕುಲಗೋತ್ರ ಸ್ವಾರಸ್ಯವಾಗಿದೆ. ಪ್ರಾಚೀನ ಜರ್ಮನ್ ನುಡಿಯಲ್ಲಿ ಅದಕ್ಕೆ ಕುದುರೆಯ ಆಳು ಎಂದರ್ಥ. ಲಾಯದ ಆಳು ಕ್ರಮೇಣ ಅರಮನೆಯ ಅಧಿಕಾರಿಯಾದ, ಕೊನೆಗೆ ಸೇನೆಯ ನೆತ್ತಿಗೇರಿದ. ಕೊಡಗಿನ ಕಾರ್ಯಪ್ಪನವರಿಗೆ 1986ರಲ್ಲಿ ಸಂದ ಫೀಲ್ಡ್ ಮಾರ್ಷಲ್ ಪದವಿಯೇ ಆ ಏಣಿಯ ತುದಿ. ಆದರೆ ಇಂಗ್ಲಿಷರ ದಿನಬಳಕೆಯಲ್ಲಿ ಈ ಮಾತು ಅಷ್ಟು ಗಡುಸಲ್ಲ. ಮೆರವಣಿಗೆಯನ್ನು ಸಾಲಾಗಿ ನಡೆಸುವವನೂ ಮಾರ್ಷಲ್. ವಾದಕ್ಕೆ ಆಧಾರಗಳನ್ನು ಜೋಡಿಸುವುದಕ್ಕೂ ಅದೇ ಕ್ರಿಯಾಪದ. ಅಣಿಗೊಳಿಸುವುದು ಅದರ ಕೆಲಸ.

ಕನ್ನಡದಲ್ಲಿ ಇನ್ನೊಂದು ತೊಡಕುಂಟು. ಸೇನಾಡಳಿತಕ್ಕೆ 'ಮಾರ್ಷಲ್ ಲಾ' ಎನ್ನುತ್ತೇವಷ್ಟೆ? ಆ ಪದ ಬೇರೆ. ರೋಮನರ ಯುದ್ಧದೇವತೆ ಮಾರ್ಸ್‌ನಿಂದ ಬಂದದ್ದು. ಇಂಗ್ಲಿಷಿನಲ್ಲಿ ಎರಡರ ಕಾಗುಣಿತ ಬೇರೆ ಬೇರೆ, ನಮ್ಮ ಲಿಪಿಯಲ್ಲಿ ಒಂದೇ. ತಳ್ಳುಗಾಡಿಯವನ ಅನುಭವದಲ್ಲೂ ಎರಡೂ ಒಂದೇ ಆಗಿಬಿಟ್ಟರೆ ತಪ್ಪು ಕಾಗುಣಿತದ್ದಲ್ಲ, ಆಡಳಿತದ್ದು.

2014ರ ಬೀದಿ ವ್ಯಾಪಾರಿಗಳ ಕಾಯಿದೆ ಏನು ಹೇಳುತ್ತದೆ? ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸಕೂಡದು. ಆಮೇಲೂ 30 ದಿನಗಳ ನೋಟೀಸು ಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಮೆಯಿಲ್ಲದಂತೆ ವ್ಯಾಪಾರಿಗಳೇ ಚುನಾಯಿಸಿದ ಪ್ರತಿನಿಧಿಗಳಿರಬೇಕು. ಇಂಥ ಕಾಯಿದೆ ಇದ್ದೂ 2023ರ ನವೆಂಬರಿನಲ್ಲಿ ಜಯನಗರ 4ನೇ ಬ್ಲಾಕಿನಲ್ಲಿ ವ್ಯಾಪಾರಿಗಳನ್ನು ಎಬ್ಬಿಸಲಾಯಿತು. ಪತ್ರಿಕೆಗಳು ಅದನ್ನು 'ತೆರವು ಕಾರ್ಯಾಚರಣೆ' ಎಂದು ಕರೆದವು. ಅದೂ ರಣರಂಗದ ಮಾತೇ! ಶತ್ರು ಯಾರು? ಕೊತ್ತಂಬರಿ ಕಟ್ಟೇ?

ಮಾರ್ಷಲರ ಮೇಲೆ ನಮಗೆ ಹಗೆಯಿಲ್ಲ. ಅವರೂ ಸಂಬಳಕ್ಕೆ ದುಡಿಯುವವರು; ಅಪ್ಪಣೆ ಮೇಲಿನಿಂದ ಬರುತ್ತದೆ. ಇತ್ತ ಗಾಡಿ ತಳ್ಳುವವರಲ್ಲಿ ನಮ್ಮ ಹಳ್ಳಿಗಳಿಂದ ಗುಳೆ ಹೋದವರಿದ್ದಾರೆ. ದುಡಿಯುವವನನ್ನು ದುಡಿಯುವವನ ಮೇಲೆ ಛೂ ಬಿಡುವುದು ಆಳುವವರ ಹಳೆಯ ವಿದ್ಯೆ.

2025ರಲ್ಲಿ ಪಾಲಿಕೆ ಒಡೆದು ಐದಾಗಿದೆ. ಹೊಸ ಪಾಲಿಕೆಗಳಿಗೆ ನಮ್ಮ ಒತ್ತಾಯವಿಷ್ಟೆ: ಮಾರ್ಷಲ್ ಎಂಬ ಹೆಸರು ಇರಲಿ, ಆದರೆ ಅದರ ನಿಜವಾದ ಅರ್ಥ ನಡೆಯಲಿ. ಗಾಡಿಗಳಿಗೆ ಸಾಲು ಹಾಕಿಕೊಡಿ, ಜಾಗ ಗುರುತಿಸಿಕೊಡಿ, ಪ್ರಮಾಣಪತ್ರ ಕೈಗಿಡಿ. ದಂಡೂ ಬೇಡ, ದಂಡವೂ ಬೇಡ. ಕಾಯಿದೆ ನಡೆದರೆ ಸಾಕು.